ಬೇತಾಳ ಕೇಳದೆ ಬಿಟ್ಟ ಪ್ರಶ್ನೆ

ವಿಕ್ರಮಾದಿತ್ಯನ ಹೆಗಲೇರಿ ಬೇತಾಳ ಹೇಳಿದ ಕಥೆಗಳಲ್ಲಿ ತಲೆ ಅದಲುಬದಲಾದ ಕಥೆಯನ್ನು ನಮ್ಮಲ್ಲಿ ಬಹಳ ಮಂದಿ ಚಿಕ್ಕಂದಿನಲ್ಲೇ ಕೇಳಿರುತ್ತೇವೆ. ದೇವಿಯ ಗುಡಿಯಲ್ಲಿ ಒಬ್ಬಳ ಗಂಡನೂ ಅಣ್ಣನೂ ತಲೆ ಕಡಿದುಕೊಂಡು ಬಿದ್ದಿದ್ದಾರೆ. ದೇವಿ ಕರುಣೆಯಿಂದ, ತಲೆಗಳನ್ನು ಮುಂಡಕ್ಕೆ ಸೇರಿಸು, ಇಬ್ಬರೂ ಬದುಕುತ್ತಾರೆ ಎನ್ನುತ್ತಾಳೆ. ಆ ಹೆಣ್ಣುಮಗಳು ಸಂತೋಷದ ಗಾಬರಿಯಲ್ಲಿ ಇವನ ತಲೆಯನ್ನು ಅವನಿಗೂ ಅವನ ತಲೆಯನ್ನು ಇವನಿಗೂ ಇಟ್ಟುಬಿಡುತ್ತಾಳೆ. ಇಬ್ಬರೂ ಎದ್ದು ನಿಲ್ಲುತ್ತಾರೆ. ಈಗ ಅವಳ ಗಂಡ ಯಾರು?

ವಿಕ್ರಮನಿಗೆ ಅನುಮಾನವೇ ಬರುವುದಿಲ್ಲ. ಅಂಗಗಳಲ್ಲೆಲ್ಲ ತಲೆಯೇ ಶ್ರೇಷ್ಠ, ಗಂಡನ ತಲೆ ಎಲ್ಲಿದೆಯೋ ಅವನೇ ಗಂಡ ಎಂದು ತೀರ್ಪು ಕೊಡುತ್ತಾನೆ. ಬೇತಾಳ ಒಪ್ಪಿ ಮರಕ್ಕೆ ಹಾರುತ್ತದೆ. ಗಿರೀಶ ಕಾರ್ನಾಡರು 1971ರ ‘ಹಯವದನ’ದಲ್ಲಿ ಅಣ್ಣನ ಜಾಗಕ್ಕೆ ಗೆಳೆಯನನ್ನು ತಂದು ಈ ತೀರ್ಪನ್ನು ಚೆನ್ನಾಗಿ ಅಲ್ಲಾಡಿಸಿದರು. ಅಲ್ಲಿಯೂ ಋಷಿ ಹೇಳುವುದು ತಲೆಯೇ ಮುಖ್ಯವೆಂದು; ಆದರೆ ಪದ್ಮಿನಿಗೆ ಆ ಉತ್ತರ ಸಾಲುವುದಿಲ್ಲ. ಮೂಲ ಕಥೆಯಲ್ಲಂತೂ ಆ ಹೆಂಡತಿಗೆ ಏನನ್ನಿಸಿತು ಎಂದು ರಾಜನೂ ಕೇಳಲಿಲ್ಲ, ಬೇತಾಳವೂ ಕೇಳಲಿಲ್ಲ.

ಆದರೆ ಬೇತಾಳಕ್ಕೆ ಹೊಳೆಯದೆ ಹೋದ ಪ್ರಶ್ನೆ ಇನ್ನೊಂದಿದೆ. ತಲೆ ಅದೇ, ಮುಂಡ ಅದೇ, ಹೆಸರು, ಊರು, ಕುಲಗೋತ್ರ ಎಲ್ಲವೂ ಅದೇ. ತಲೆಯ ಒಳಗೆ ಒಂದಿಷ್ಟು ಜಾಗ ಮಾತ್ರ ಹಾಳಾಗಿದೆ, ಮನುಷ್ಯನ ಸ್ವಭಾವವೇ ಬದಲಾಗಿದೆ. ಆಗ ಅವನು ಯಾರು? ಹಿಂದಿನ ಕಾಲದಲ್ಲಿ ತಲೆಗೆ ಅಂಥ ಪೆಟ್ಟು ಬಿದ್ದವರು ಉಳಿಯುತ್ತಿದ್ದುದೇ ಅಪರೂಪವಾದ್ದರಿಂದ ಕಥೆಗಾರರಿಗೆ ಈ ಪ್ರಶ್ನೆ ಎದುರಾಗದೆ ಇದ್ದಿರಬಹುದು. ಈಗ ಉಳಿಯುತ್ತಾರೆ. ಆಂಬುಲೆನ್ಸ್ ಇದೆ, ಸ್ಕ್ಯಾನ್ ಇದೆ, ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆಯುವ ಡಾಕ್ಟರು ಜಿಲ್ಲಾ ಕೇಂದ್ರದಲ್ಲೂ ಸಿಗುತ್ತಾರೆ. ಉಳಿದು ಮನೆಗೆ ಬರುತ್ತಾರೆ. ಪ್ರಶ್ನೆ ಶುರುವಾಗುವುದು ಆಮೇಲೆ, ಮನೆಯ ಹೊಸ್ತಿಲ ಒಳಗೆ.

ನನಗೆ ಬಹಳ ಬೇಕಾದ ಒಬ್ಬ ಹೆಂಗಸಿನ ಮನೆಯಲ್ಲಿ ಇದು ಆಗಿದೆ. ಹೆಸರು ಬೇಡ. ಗಂಡ ಗುಮಾಸ್ತೆ ಕೆಲಸದ ಸಾಧು ಮನುಷ್ಯ. ಬೀದಿಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಇವರೇ ತಲೆ ತಗ್ಗಿಸಿಕೊಂಡು ಹೋಗುವಂಥವರು. ಒಂದು ರಾತ್ರಿ ಹೆಲ್ಮೆಟ್ಟನ್ನು ಸ್ಕೂಟರಿನ ಕನ್ನಡಿಗೆ ಸಿಕ್ಕಿಸಿಕೊಂಡು ಬರುತ್ತಿದ್ದಾಗ ದಾರಿಯ ಹಳ್ಳಕ್ಕೆ ಚಕ್ರ ಸಿಕ್ಕಿ ಬಿದ್ದರು. ಹದಿನೆಂಟು ದಿನ ಪ್ರಜ್ಞೆ ಇರಲಿಲ್ಲ. ಮೂರು ತಿಂಗಳ ಮೇಲೆ ನಡೆದುಕೊಂಡೇ ಮನೆಗೆ ಬಂದರು. ಎಲ್ಲರ ಗುರುತೂ ಇತ್ತು. ಮಕ್ಕಳ ಹುಟ್ಟಿದ ದಿನ ಹೇಳಿದರು, ಹದಿನೇಳರ ಮಗ್ಗಿ ತಪ್ಪಿಲ್ಲದೆ ಒಪ್ಪಿಸಿದರು. ಬಂಧುಗಳೆಲ್ಲ ದೇವರಿಗೆ ತುಪ್ಪದ ದೀಪ ಹಚ್ಚಿದರು. ಜೀವ ಉಳಿಯಿತಲ್ಲ, ಇನ್ನೇನು ಬೇಕು!

ವಾರ ಕಳೆಯುವುದರಲ್ಲಿ ಒಂದೊಂದೇ ಕಾಣಿಸತೊಡಗಿತು. ಬೆಳೆದ ಮಗಳ ಮುಂದೆ ಆಡಬಾರದ ಮಾತು. ಸಾವಿನ ಮನೆಗೆ ಹೋದರೆ ಅಲ್ಲಿ ನಗು. ಮಕ್ಕಳ ತಟ್ಟೆಯಲ್ಲಿದ್ದ ಹೋಳಿಗೆಯನ್ನೇ ಎತ್ತಿಕೊಂಡು ತಿನ್ನುವುದು. ಅಂಗಡಿಯಲ್ಲಿ ಸಾಲ ಹೇಳಿ ಒಂದೇ ದಿನ ಮೂರು ಟಾರ್ಚು ತರುವುದು. ಬೆಳಿಗ್ಗೆ ಒಂದು ಯೋಜನೆ, ಸಂಜೆಗೆ ಅದು ಮರೆತು ಇನ್ನೊಂದು. ಒಲೆಯ ಮೇಲೆ ಸಾರು ಸೀದು ಮನೆಯೆಲ್ಲ ಹೊಗೆ ತುಂಬಿದರೂ ಪಕ್ಕದಲ್ಲೇ ಕುಳಿತವರಿಗೆ ವಾಸನೆ ತಿಳಿಯಲಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರು, ಹೊಲಿಗೆಯ ಲೆಕ್ಕ, ಮತ್ತೆ ತೋರಿಸಬೇಕಾದ ತಾರೀಕು ಎಲ್ಲ ಬರೆದಿತ್ತು. ನಿಮ್ಮ ಮನೆಗೆ ಬೇರೆ ಸ್ವಭಾವದ ಮನುಷ್ಯ ಬರಬಹುದು ಎಂದು ಮಾತ್ರ ಯಾರೂ ಬರೆದಿರಲಿಲ್ಲ, ಬಾಯಲ್ಲೂ ಹೇಳಿರಲಿಲ್ಲ.

ಆಕೆ ಒಮ್ಮೆ ನನ್ನಲ್ಲಿ ಅಂದ ಮಾತು ಇದು: “ಹೋಗಿಬಿಟ್ಟಿದ್ದರೆ ಹದಿಮೂರನೇ ದಿನ ಮಾಡಿ ಅಳಬಹುದಿತ್ತು. ನನ್ನವರು ಹೋಗಿದ್ದಾರೆ. ಆದರೆ ಅವರಿಗೆ ನಾನು ಯಾವ ದಿನ ಮಾಡಲಿ, ಹೇಳಿ.”

ಇಂಥ ಮಾತಿಗೆ ಉತ್ತರ ಹುಡುಕಿ ಹೋದರೆ ಪುಸ್ತಕಗಳೆಲ್ಲ ಒಬ್ಬನೇ ಮನುಷ್ಯನ ಮುಂದೆ ತಂದು ನಿಲ್ಲಿಸುತ್ತವೆ. ಬಿ.ಎಡ್. ಓದುವಾಗ ನಮ್ಮ ಮನಶ್ಶಾಸ್ತ್ರದ ನೋಟ್ಸಿನಲ್ಲೂ ಆತ ಎರಡು ಸಾಲಿನಲ್ಲಿ ಬಂದು ಹೋಗಿದ್ದ. ಹೆಸರು ಫಿನಿಯಸ್ ಗೇಜ್. ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಎಂಬ ಊರಿನ ಬಳಿ ರೈಲು ದಾರಿ ಹಾಕುತ್ತಿದ್ದ ತಂಡಕ್ಕೆ ಮೇಸ್ತ್ರಿ. ವಯಸ್ಸು 25. ಬಂಡೆಗೆ ತೂತು ಕೊರೆದು, ಸಿಡಿಮದ್ದು ತುಂಬಿ, ಬತ್ತಿ ಇಟ್ಟು, ಮೇಲೆ ಮರಳು ಸುರಿದು, ಕಬ್ಬಿಣದ ಸಲಾಕೆಯಿಂದ ಗಟ್ಟಿಸುವುದು ಅವನ ಕೆಲಸದಲ್ಲೊಂದು. ಸಲಾಕೆಯನ್ನು ತನ್ನ ಕೈಗೆ ಹೊಂದುವಂತೆ ಕಮ್ಮಾರನಿಂದ ಹೇಳಿ ಮಾಡಿಸಿಕೊಂಡಿದ್ದ. 3 ಅಡಿ 7 ಅಂಗುಲ ಉದ್ದ, ಒಂದೂಕಾಲು ಅಂಗುಲ ದಪ್ಪ, ಸುಮಾರು ಆರು ಕಿಲೋ ತೂಕ, ಒಂದು ತುದಿ ಚೂಪು.

1848ರ ಸೆಪ್ಟೆಂಬರ್ 13ರ ಸಂಜೆ ನಾಲ್ಕೂವರೆಯ ಹೊತ್ತಿಗೆ ಸಲಾಕೆ ಬಂಡೆಗೆ ತಾಗಿ ಕಿಡಿ ಹಾರಿ ಮದ್ದು ಸಿಡಿಯಿತು. ಸಲಾಕೆ ಬಾಣದಂತೆ ಮೇಲೆದ್ದು ಅವನ ಎಡಗೆನ್ನೆಯ ಕೆಳಗೆ ಹೊಕ್ಕು, ಎಡಗಣ್ಣಿನ ಹಿಂದಿನಿಂದ ಹಾದು, ಮಿದುಳಿನ ಮುಂಭಾಗವನ್ನು ಸೀಳಿ, ನೆತ್ತಿಯಿಂದ ಹೊರಬಂದು ಸುಮಾರು 80 ಅಡಿ ಆಚೆ ಬಿತ್ತು. ಮನುಷ್ಯ ಸಾಯಲಿಲ್ಲ. ಕೆಲವೇ ನಿಮಿಷಗಳಲ್ಲಿ ಮಾತಾಡಿದ. ಎತ್ತಿನ ಗಾಡಿಯಲ್ಲಿ ನೆಟ್ಟಗೆ ಕುಳಿತೇ ಊರಿಗೆ ಬಂದ. ತಂಗಿದ್ದ ಹೋಟೆಲಿನ ಜಗಲಿಯಲ್ಲಿ ಕುಳಿತು, ಬಂದ ಡಾಕ್ಟರಿಗೆ, ನಿಮಗೆ ಇಲ್ಲಿ ಸಾಕಷ್ಟು ಕೆಲಸ ಕಾದಿದೆ ಎಂಬರ್ಥದ ಮಾತನ್ನೂ ಹೇಳಿದ. ಆಮೇಲೆ ಚಿಕಿತ್ಸೆ ವಹಿಸಿಕೊಂಡವರು ಜಾನ್ ಹಾರ್ಲೊ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಗಾಯ ಕೀವಾಯಿತು, ಜ್ವರ ಏರಿತು, ಪ್ರಜ್ಞೆ ತಪ್ಪಿತು. ಬಳಿಯಲ್ಲಿದ್ದವರು ಶವಪೆಟ್ಟಿಗೆಯನ್ನೂ ಸಿದ್ಧ ಮಾಡಿಸಿದರು. ಕ್ರಿಮಿಗಳ ವಿಷಯವೇ ವೈದ್ಯರಿಗೆ ತಿಳಿಯದಿದ್ದ ಆ ಕಾಲದಲ್ಲಿ ಹಾರ್ಲೊ ಕೀವು ಬಸಿದು, ಗಾಯ ತೊಳೆದು, ಕಾದು ಕುಳಿತು ಅವನನ್ನು ಉಳಿಸಿಕೊಂಡರು. ನವೆಂಬರ್ ಕೊನೆಯ ಹೊತ್ತಿಗೆ ಗೇಜ್ ತಾಯಿತಂದೆಯರ ಮನೆಗೆ ಹೋಗುವಷ್ಟು ಚೇತರಿಸಿಕೊಂಡಿದ್ದ. ಎಡಗಣ್ಣಿನ ದೃಷ್ಟಿ ಹೋಗಿತ್ತು, ಅಷ್ಟೇ.

ಅಷ್ಟೇ ಅಲ್ಲ ಎಂದು ತಿಳಿದದ್ದು ಅವನು ಮರಳಿ ಕೆಲಸ ಕೇಳಿದಾಗ. ಅವನಷ್ಟು ದಕ್ಷ ಮೇಸ್ತ್ರಿ ಇನ್ನೊಬ್ಬನಿಲ್ಲ ಎಂದು ಹೇಳುತ್ತಿದ್ದ ಗುತ್ತಿಗೆದಾರರೇ ಅವನನ್ನು ಹಳೆಯ ಜಾಗಕ್ಕೆ ತೆಗೆದುಕೊಳ್ಳಲಿಲ್ಲ. ಬಾಯಿಗೆ ಬಂದಂತೆ ಬೈಯುತ್ತಾನೆ, ಜೊತೆಯವರನ್ನು ಲೆಕ್ಕಕ್ಕಿಡುವುದಿಲ್ಲ, ಬುದ್ಧಿ ಹೇಳಿದರೆ ಕೇಳುವುದಿಲ್ಲ, ಹಠಮಾರಿ, ಆದರೆ ಒಂದು ನಿರ್ಧಾರದಲ್ಲೂ ನಿಲ್ಲುವುದಿಲ್ಲ ಎಂದು ಹಾರ್ಲೊ ಬರೆದಿದ್ದಾರೆ. ಇವನು ನಮ್ಮ ಗೇಜ್ ಅಲ್ಲವೇ ಅಲ್ಲ ಎಂದು ಗೆಳೆಯರು ಅಂದುಬಿಟ್ಟರಂತೆ. ಆ ಒಂದು ಮಾತೇ ಅವನ ವಿಳಾಸವಾಗಿ ನಿಂತುಹೋಯಿತು.

ನಮ್ಮಲ್ಲಿ ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವೆ. ಈ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೆ. ಸುಟ್ಟರೂ ಹೋಗದ್ದು ಆರು ಕಿಲೋ ಕಬ್ಬಿಣಕ್ಕೆ ಒಂದು ಕ್ಷಣದಲ್ಲಿ ಹೋಯಿತೆ? ಹಾಗಾದರೆ ಸಹನೆ, ನಾಚಿಕೆ, ಹಿರಿಯರ ಮುಂದೆ ತಗ್ಗಿ ನಡೆಯುವುದು, ಇವೆಲ್ಲ ನಾವು ಅಂದುಕೊಂಡ ಹಾಗೆ ಆತ್ಮದ ಗುಣಗಳಲ್ಲವೆ? ಹಣೆಯ ಮೂಳೆಯ ಹಿಂದಿನ ಮೃದುವಾದ ಮಿದುಳು ನೆಟ್ಟಗಿರುವವರೆಗೆ ಮಾತ್ರ ಇರುವ ಸಂಗತಿಗಳೆ? ಬ್ರಹ್ಮ ಹಣೆಯಲ್ಲಿ ಬರೆಯುತ್ತಾನೆ ಎನ್ನುವವರು ನಾವು. ಬರೆದ ಜಾಗದ ಬಗ್ಗೆ ನಮ್ಮ ಹಿರಿಯರ ಅಂದಾಜು ತೀರಾ ತಪ್ಪಿರಲಿಲ್ಲ ಎಂದು ತಮಾಷೆಗೆ ಅನ್ನಿಸುತ್ತದೆ. ಹಣೆಯ ಹಿಂದಿರುವ ಮಿದುಳಿನ ಭಾಗವೇ ಮುಂದಾಲೋಚನೆಗೆ, ತಡೆಗೆ, ಎದುರಿಗಿರುವವರ ಮನಸ್ಸಿಗೆ ಏನಾದೀತು ಎಂಬ ಅಳತೆಗೆ ಬೇಕಾದದ್ದು. ಹಾಲು ಉಕ್ಕುವುದು ಎಲ್ಲರ ಮನೆಯ ಒಲೆಯ ಮೇಲೂ ಇದ್ದದ್ದೇ. ಉಕ್ಕುವ ಮೊದಲು ಉರಿ ಸಣ್ಣ ಮಾಡುವ ಕೈ ಒಂದಿರುತ್ತದಲ್ಲ, ಅದು ಅಲ್ಲಿದೆ. ಆ ಕೈಗೆ ಪೆಟ್ಟಾದರೆ ಬೈಗುಳ ಹೊಸದಾಗಿ ಹುಟ್ಟುವುದಿಲ್ಲ. ನಮ್ಮೆಲ್ಲರ ಒಳಗೂ ಇರುವುದು ತಡೆಯಿಲ್ಲದೆ ಹೊರಗೆ ಚೆಲ್ಲುತ್ತದೆ.

ಸ್ಕೂಟರಿನಿಂದ ಬಿದ್ದವರಿಗೆ ಸಲಾಕೆ ಏನೂ ಹೊಕ್ಕಿರುವುದಿಲ್ಲ. ತಲೆ ನೆಲಕ್ಕೆ ಬಡಿದು ಗಕ್ಕನೆ ನಿಂತಾಗ ಒಳಗಿನ ಮಿದುಳು ಮುಂದೆ ಜಾರಿ, ಕಣ್ಣಿನ ಗೂಡಿನ ಮೇಲಿರುವ ಒರಟು ಮೂಳೆಗೆ ಉಜ್ಜುತ್ತದೆ. ಮೂಗಿನಿಂದ ಮೇಲೇರುವ ವಾಸನೆಯ ಎಳೆನರಗಳು ಅಲ್ಲಿಯೇ ಹಾದುಹೋಗುವುದರಿಂದ ಅವೂ ಹರಿದುಹೋಗಬಹುದು. ಸೀದ ಸಾರಿನ ವಾಸನೆ ತಿಳಿಯದ್ದೂ ಸಾವಿನ ಮನೆಯಲ್ಲಿ ನಕ್ಕದ್ದೂ ನೆರೆಹೊರೆಯ ಸಂಗತಿಗಳು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ಮನೆಯಲ್ಲಿ ಒಂದು ವರ್ಷದ ಜಗಳ ಉಳಿಯುತ್ತಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮಿದುಳಿಗೆ ಪೆಟ್ಟು ಬಿದ್ದವರ ನಡವಳಿಕೆ, ಗಮನ, ನೆನಪುಗಳನ್ನು ಪರೀಕ್ಷಿಸಿ ತರಬೇತಿ ಕೊಡುವವರಿದ್ದಾರೆ. ಆಕೆ ಅಲ್ಲಿಗೆ ಹೋದದ್ದು ತುಂಬಾ ತಡವಾಗಿ, ಅದೂ ಊರಿನ ಎಲ್ಲ ಗುಡಿಗಳ ತಾಯಿತ ಕಟ್ಟಿಸಿ ಆದಮೇಲೆ. ಹೆಲ್ಮೆಟ್ಟಿನ ವಿಷಯ ನಾನು ಹೇಳಬೇಕಾಗಿಲ್ಲ. 2016ರಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಅದು ಕಡ್ಡಾಯ. ಆದರೂ ಮುಡಿದ ಹೂವು ಬಾಡುತ್ತದೆಂದು ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವ ನಮ್ಮವರನ್ನು ದಿನವೂ ನೋಡುತ್ತೇನೆ.

ಪ್ರಶ್ನೆಗೆ ಬರೋಣ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್, ಒಬ್ಬ ಮನುಷ್ಯ ನಿನ್ನೆಯೂ ಇಂದೂ ಅವನೇ ಆಗಿರುವುದು ನೆನಪಿನಿಂದ ಎಂದು ವಾದಿಸಿದ. ರಾಜಕುಮಾರನ ನೆನಪುಗಳೆಲ್ಲ ಚಪ್ಪಲಿ ಹೊಲಿಯುವವನ ದೇಹಕ್ಕೆ ಬಂದರೆ ಅವನು ರಾಜಕುಮಾರನೇ ಎಂದ. ಅದು ಒಂದು ರೀತಿಯಲ್ಲಿ ವಿಕ್ರಮನ ತೀರ್ಪೇ. ಲಾಕನ ಪ್ರಕಾರ ಗೇಜ್ ಗೇಜೇ, ಏಕೆಂದರೆ ಅವನಿಗೆ ಹಳೆಯದೆಲ್ಲ ನೆನಪಿತ್ತು. ನಮ್ಮ ಈ ಮನೆಯ ಯಜಮಾನರಿಗೂ ನೆನಪಿತ್ತು. ಮಗ್ಗಿ ಒಪ್ಪಿಸಿದಾಗ ದೀಪ ಹಚ್ಚಿದ ಬಂಧುಗಳು ತಿಳಿಯದೆ ಲಾಕನ ಪಕ್ಷ ಹಿಡಿದಿದ್ದರು. ಹೆಂಡತಿಗೆ ಮಾತ್ರ ಮಗ್ಗಿಯಿಂದ ಸಮಾಧಾನವಾಗಲಿಲ್ಲ.

ಅವಳ ಅನ್ನಿಸಿಕೆ ಅವಳೊಬ್ಬಳದಲ್ಲ. 2015ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು, ನೀನಾ ಸ್ಟ್ರೋಮಿಂಗರ್ ಮತ್ತು ಶಾನ್ ನಿಕೋಲ್ಸ್, ಮಿದುಳು ಮತ್ತು ನರಗಳ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರನ್ನು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ನಿಮ್ಮವರು ನಿಮಗೆ ಅಪರಿಚಿತರಂತೆ ಕಾಣುತ್ತಾರೆಯೇ ಎಂಬುದು ಪ್ರಶ್ನೆಯ ತಿರುಳು. ದೇಹ ಮಾತ್ರ ಸೊರಗುವ ನರರೋಗದವರ ಮನೆಯಲ್ಲಿ ಹಾಗೆ ಅನ್ನಿಸುವುದು ಕಡಿಮೆ. ನೆನಪು ಅಳಿಯುವ ಆಲ್ಝೈಮರ್ಸ್ ಕಾಯಿಲೆಯವರ ಮನೆಯಲ್ಲಿ ಅದಕ್ಕಿಂತ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಮಿದುಳಿನ ಮುಂಭಾಗ ಕುಗ್ಗಿ, ಕರುಣೆ, ಪ್ರಾಮಾಣಿಕತೆ, ಸಂಕೋಚಗಳು ಮಾಯವಾಗುವ ಕಾಯಿಲೆಯವರ ಮನೆಯಲ್ಲಿ. ಅಂದರೆ ಒಬ್ಬರನ್ನು ‘ಇವರೇ’ ಎಂದು ಗುರುತಿಸಲು ನಾವು ಹಿಡಿದುಕೊಂಡಿರುವ ಎಳೆ ಅವರ ನೆನಪಿಗಿಂತ ಹೆಚ್ಚಾಗಿ ಅವರ ಒಳ್ಳೆಯತನ. ನನ್ನ ಹೆಸರು ಮರೆತ ಅಜ್ಜಿ ನನ್ನ ತಲೆ ಸವರಿದರೆ ಅವಳು ಅಜ್ಜಿಯೇ. ಹೆಸರು ನೆನಪಿಟ್ಟುಕೊಂಡು ಕೈ ಕಚ್ಚಿದರೆ ಅಲ್ಲ.

ಅದೇ ವರ್ಷ ಕೆವಿನ್ ಟೋಬಿಯಾ ಎಂಬಾತ ಇನ್ನೊಂದು ವಿಚಿತ್ರವನ್ನು ತೋರಿಸಿದ. ಗೇಜ್‌ನ ಕಥೆಯನ್ನು ಎರಡು ರೀತಿಯಲ್ಲಿ ಬರೆದು ಜನರ ಮುಂದಿಟ್ಟ. ಒಂದರಲ್ಲಿ ಒಳ್ಳೆಯವನು ಪೆಟ್ಟಿನ ನಂತರ ಕೆಟ್ಟವನಾಗುತ್ತಾನೆ, ಇನ್ನೊಂದರಲ್ಲಿ ಕೆಟ್ಟವನು ಒಳ್ಳೆಯವನಾಗುತ್ತಾನೆ. ಬದಲಾವಣೆಯ ಪ್ರಮಾಣ ಎರಡರಲ್ಲೂ ಒಂದೇ. ಆದರೂ ಕೆಟ್ಟವನಾದವನನ್ನು ಅವನು ಬೇರೆ ಮನುಷ್ಯ ಎನ್ನಲು, ಒಳ್ಳೆಯವನಾದವನನ್ನು ಅವನೇ ಇವನು ಎನ್ನಲು ಜನ ಹೆಚ್ಚು ಒಲಿದರು. ಇದು ನಮಗೆ ಗೊತ್ತಿರುವ ಮಾತೇ. ಕುಡಿದು ಹೊಡೆಯುವ ಗಂಡನೊಬ್ಬ ತಲೆಗೆ ಪೆಟ್ಟು ತಿಂದು ಸಾಧುವಾಗಿ ಎದ್ದರೆ, ಇವನು ನನ್ನ ಗಂಡನಲ್ಲ ಎಂದು ಯಾವ ಹೆಂಡತಿ ಅತ್ತಾಳು? ಈಗ ಇವರ ನಿಜವಾದ ಗುಣ ಹೊರಗೆ ಬಂತು ಎಂದು ಹರಕೆ ತೀರಿಸುತ್ತಾಳೆ.

ಇದನ್ನು ತಿಳಿದಮೇಲೆ ‘ಅವನು ಅವನಲ್ಲ’ ಎಂಬ ಮಾತನ್ನು ಕೇಳುವ ನನ್ನ ರೀತಿ ಬದಲಾಯಿತು. ಅದು ವರದಿಯ ಮಾತಲ್ಲ. ಅದರಲ್ಲಿ ಹಳೆಯವನ ಮೇಲಿನ ಪ್ರೀತಿ ಇದೆ, ಹೊಸಬನ ಮೇಲಿನ ತೀರ್ಪೂ ಇದೆ. ಯಾರು ಹೇಳುತ್ತಾರೆ ಎಂಬುದರ ಮೇಲೆ ಅದರ ಅರ್ಥವೂ ಬೇರೆಯಾಗುತ್ತದೆ. ಗುತ್ತಿಗೆದಾರ ಹೇಳಿದರೆ ಅದು ಕೆಲಸ ನಿರಾಕರಿಸುವ ನೆವ. ಗೆಳೆಯ ಹೇಳಿದರೆ ಇನ್ನು ಮೇಲೆ ನೋಡಲು ಬರುವುದಿಲ್ಲ ಎಂಬ ಸೂಚನೆ. ಹೆಂಡತಿ ಹೇಳಿದರೆ ಅದು ಅಳು. ಅವಳು ಹೇಳಿಯಾದ ಮೇಲೂ ಅದೇ ಮನೆಯಲ್ಲಿ ಅದೇ ಮನುಷ್ಯನಿಗೆ ಊಟಕ್ಕೆ ಬಡಿಸಬೇಕು.

ಆ ಮನೆಯಲ್ಲಿ ಅತ್ತೆಯೂ ಇದ್ದಾರೆ. ಎಂಬತ್ತರ ಹತ್ತಿರದ ಮುದುಕಿ. ಅವರ ಪ್ರಕಾರ ಏನೂ ಬದಲಾಗಿಲ್ಲ. “ಚಿಕ್ಕವನಿದ್ದಾಗ ಇವನು ಹೀಗೇ ಇದ್ದ. ಕಂಡದ್ದೆಲ್ಲ ಬೇಕು ಅಂತಿದ್ದ, ಕೊಡದಿದ್ದರೆ ಬೈತಿದ್ದ. ಆಮೇಲೆ ದೊಡ್ಡವನಾದ” ಎನ್ನುತ್ತಾರೆ. ಮೊದಲು ನನಗೆ ಇದು ಮಗನ ಮೇಲಿನ ಕುರುಡು ಮಮತೆ ಎನ್ನಿಸಿತ್ತು. ಯೋಚಿಸಿದರೆ ಮುದುಕಿಯ ಮಾತಿನಲ್ಲಿ ಶಾಸ್ತ್ರವಿದೆ. ಉರಿ ಸಣ್ಣ ಮಾಡುವ ಆ ಕೈ ಮಕ್ಕಳಲ್ಲಿ ಇನ್ನೂ ಬೆಳೆದಿರುವುದಿಲ್ಲ. ಹಣೆಯ ಹಿಂದಿನ ಮಿದುಳು ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ತಾಯಿ ಅವನನ್ನು ಕಂಡದ್ದು ನಾಚಿಕೆ ಬರುವ ಮೊದಲು, ಹೆಂಡತಿ ಕಂಡದ್ದು ನಾಚಿಕೆ ಬಂದಮೇಲೆ. ಹೆಂಡತಿ ಮದುವೆಯಾದದ್ದು ಆ ದೊಡ್ಡವನನ್ನು. ಹೋದದ್ದು ಅವನೇ. ಇಬ್ಬರ ಮಾತೂ ನಿಜವಿರಬಹುದು. ಆದರೆ ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಮಗು ನಾಳೆ ಬೆಳೆಯುತ್ತದೆ ಎಂಬ ಭರವಸೆ ತಾಯಿಗಿತ್ತು, ಈಕೆಗೆ ಅದಿಲ್ಲ. ಮಗುವಿನ ಪಕ್ಕದಲ್ಲಿ ಹೆಂಡತಿಯಾಗಿ ಮಲಗು ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಈಕೆಗೆ ಎಲ್ಲರೂ ಅದನ್ನೇ ಹೇಳುತ್ತಾರೆ. ಗಂಡ ತಾನೆ, ಹೊಂದಿಕೊಂಡು ಹೋಗು ಎನ್ನುವ ಹಿರಿಯರು ಒಂದು ರಾತ್ರಿಯೂ ಬಂದು ಉಳಿಯುವುದಿಲ್ಲ.

ಒಮ್ಮೆ ಆತ ಕೈಯೆತ್ತಿದ್ದೂ ಇದೆ. ಆಗಲೂ ಕೆಲವರು, ಪಾಪ, ಅವನಿಗೇನು ತಿಳಿಯುತ್ತದೆ, ಅದು ಗಾಯ ಮಾಡಿಸಿದ್ದು ಎಂದರು. ಗಾಯ ಮಾಡಿಸಿದ್ದು ನಿಜ. ತಪ್ಪು ಅವನದಲ್ಲ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಅವನದಲ್ಲದ ಏಟೂ ಇವಳ ಬೆನ್ನಿಗೇ ಬಿದ್ದದ್ದು. ಆಕೆ ಮಕ್ಕಳನ್ನು ಕರೆದುಕೊಂಡು ಎರಡು ತಿಂಗಳು ತಮ್ಮನ ಮನೆಯಲ್ಲಿದ್ದಳು. ಡಾಕ್ಟರನ್ನು ಕಂಡು, ಮಾತ್ರೆ ಬದಲಿಸಿ, ಮೈದುನ ಬಂದು ಜೊತೆಗಿರಲು ಒಪ್ಪಿದಮೇಲೆಯೇ ಹಿಂತಿರುಗಿದಳು. ಊರು ಏನಾದರೂ ಅಂದುಕೊಳ್ಳಲಿ, ನನ್ನ ದೃಷ್ಟಿಯಲ್ಲಿ ಅದು ಸರಿ. ಕ್ಷಮಿಸುವುದಕ್ಕೂ ಎದುರಿಗೆ ನಿಂತು ಏಟು ತಿನ್ನುವುದಕ್ಕೂ ಸಂಬಂಧವಿಲ್ಲ.

ಮಗಳು ಕೇಳುತ್ತಿದ್ದಳಂತೆ, ಅಪ್ಪ ಯಾಕಮ್ಮ ಹೀಗೆ ಮಾತಾಡ್ತಾರೆ ಎಂದು. ಆ ಮಾತು ಆಡ್ತಿರೋದು ಅಪ್ಪ ಅಲ್ಲ, ಅಪ್ಪನ ಗಾಯ ಎಂದು ಆಕೆ ಹೇಳಿಕೊಟ್ಟಿದ್ದಳು. ಮನೆಯಲ್ಲಿ ಸ್ವಲ್ಪ ನೆಮ್ಮದಿ ಬಂತು. ಹೀಗಿರುವಾಗ ಆಕೆ ಜ್ವರದಲ್ಲಿ ಮಲಗಿದ್ದ ಒಂದು ಸಂಜೆ ಆತ ಯಾರೂ ಹೇಳದೆ ಹೊರಗೆ ಹೋಗಿ ಒಂದು ಮೊಳ ಮಲ್ಲಿಗೆ ತಂದು ದಿಂಬಿನ ಪಕ್ಕ ಇಟ್ಟರು. ಹಳೆಯ ದಿನಗಳಲ್ಲಿ ಆ ಸಾಧು ಮನುಷ್ಯ ನಾಚಿಕೆಗೆ ಒಂದು ದಿನವೂ ಹೂವು ತಂದವರಲ್ಲ! ತಡೆಯುವ ಕೈ ಸಡಿಲಾಗಿದ್ದರಿಂದಲೇ ಬೈಗುಳ ಬಂದಂತೆ ಮಲ್ಲಿಗೆಯೂ ಬಂದಿರಬೇಕು. ನಾನು ಈ ತರ್ಕವನ್ನು ಆಕೆಯ ಮುಂದೆ ಹೇಳಲಿಲ್ಲ, ಆಕೆಯೇ ಹೇಳಿದಳು. “ಬೈದಾಗ ಗಾಯ ಅಂತೀನಿ, ಹೂವು ತಂದಾಗ ಅವರು ಅಂತೀನಿ. ಲೆಕ್ಕ ಸರಿಯಿಲ್ಲ ಅಂತ ನನಗೂ ಗೊತ್ತು. ಈ ಲೆಕ್ಕದಲ್ಲೇ ಮನೆ ನಡೀತಿದೆ.”

ಟೋಬಿಯಾನ ಮುಂದೆ ಕುಳಿತಿದ್ದ ಜನ ಮಾಡಿದ್ದೂ ಇದೇ ಲೆಕ್ಕ. ಅವರು ಮಾಡಿದ್ದು ಕಾಗದದ ಮೇಲಿನ ಮನುಷ್ಯನ ಬಗ್ಗೆ, ಯೋಚಿಸದೆ. ಈಕೆ ಮಾಡುವುದು ಎದುರಿಗಿರುವ ಮನುಷ್ಯನ ಬಗ್ಗೆ, ಗೊತ್ತಿದ್ದೂ, ದಿನವೂ. ತತ್ತ್ವಶಾಸ್ತ್ರದವರು ಇದನ್ನು ತರ್ಕದೋಷ ಎನ್ನಬಹುದು. ಅವರ ತರ್ಕವನ್ನು ನಾನು ಅಲ್ಲಗಳೆಯಲಾರೆ. ಆದರೆ ಮನುಷ್ಯನನ್ನು ‘ಅವನೇ’ ಎಂದು ಉಳಿಸಿಕೊಳ್ಳುವುದು ಕೇವಲ ಅವನೊಳಗಿನ ಸಂಗತಿಯಲ್ಲ, ಅವನ ಸುತ್ತ ಇರುವವರು ಮಾಡುವ ಕೆಲಸವೂ ಹೌದು ಎಂದು ನನಗೆ ಈಗ ಅನ್ನಿಸುತ್ತದೆ. ನಾವು ನೆಟ್ಟಗಿರುವವರ ಬಗ್ಗೆಯೂ ಇದನ್ನೇ ಮಾಡುತ್ತೇವೆ. ಮಗ ಸಿಡುಕಿದರೆ ಪರೀಕ್ಷೆಯ ಆಯಾಸ, ನಕ್ಕರೆ ಅವನ ಗುಣ. ಹಾಗೆ ಲೆಕ್ಕ ತಪ್ಪಿಸಿಕೊಳ್ಳಲು ಯಾರೂ ಇಲ್ಲದವರ ಪಾಡು ಏನೆಂಬುದನ್ನು ಗೇಜ್‌ನ ನಂತರದ ಕಥೆಯಲ್ಲಿ ನೋಡಬಹುದು.

ಅವನಿಗೆ ಹೆಂಡತಿ ಇರಲಿಲ್ಲ. ಮದುವೆಯೇ ಆಗಲಿಲ್ಲ. ಆದರೂ ಮುಂದಿನ ಕಾಲದ ಕೆಲವು ಬರಹಗಳಲ್ಲಿ ಅವನು ಕುಡುಕ, ಜಗಳಗಂಟ, ಯಾವ ಕೆಲಸದಲ್ಲೂ ನಿಲ್ಲದ ಅಲೆಮಾರಿ, ಹೆಂಡತಿಯನ್ನು ಹೊಡೆಯುವವನು ಕೂಡ ಆಗಿಹೋದ. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಮಾಲ್ಕಂ ಮ್ಯಾಕ್‌ಮಿಲನ್ ಹಳೆಯ ಕಾಗದಪತ್ರಗಳನ್ನೆಲ್ಲ ಶೋಧಿಸಿ 2000ನೇ ಇಸವಿಯಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಗೇಜ್‌ನನ್ನು ಕಣ್ಣಾರೆ ಕಂಡವರು ಅವನ ಸ್ವಭಾವದ ಬಗ್ಗೆ ಬರೆದದ್ದು ಕೆಲವೇ ಪುಟಗಳು, ಉಳಿದದ್ದೆಲ್ಲ ಒಬ್ಬರಿಂದೊಬ್ಬರಿಗೆ ದಾಟುತ್ತಾ ಬೆಳೆದ ಮಾತು ಎಂದು ಅದರಿಂದ ತಿಳಿಯಿತು. ನಮ್ಮ ಓಣಿಗಳಲ್ಲಿ ಹೀಗೆ ಮಾತು ಬೆಳೆಯುವುದು ಗೊತ್ತಿತ್ತು. ಪಠ್ಯಪುಸ್ತಕಗಳಲ್ಲೂ ಬೆಳೆಯುತ್ತದೆ.

ನಿಜವಾಗಿ ನಡೆದದ್ದು ಹೀಗೆ. ಕೆಲಸ ಹೋದಮೇಲೆ ಸ್ವಲ್ಪ ಕಾಲ ನ್ಯೂಯಾರ್ಕಿನ ಬಾರ್ನಮ್ ಮ್ಯೂಸಿಯಂನಲ್ಲಿ ತನ್ನನ್ನೂ ತನ್ನ ಸಲಾಕೆಯನ್ನೂ ಪ್ರದರ್ಶನಕ್ಕಿಟ್ಟುಕೊಂಡ. ಅಮೇಲೆ ನ್ಯೂ ಹ್ಯಾಂಪ್‌ಶೈರಿನ ಒಂದು ಕುದುರೆ ಲಾಯದಲ್ಲಿ ಕೆಲಸ ಮಾಡಿದ. 1852ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ, ವಾಲ್ಪರೈಸೊ ಮತ್ತು ಸ್ಯಾಂಟಿಯಾಗೊ ನಡುವಿನ ಸುಮಾರು ನೂರು ಮೈಲಿಯ ದಾರಿಯಲ್ಲಿ ಆರು ಕುದುರೆಯ ಸಾರೋಟು ಓಡಿಸಿದ. ಹೆಚ್ಚುಕಡಿಮೆ ಏಳು ವರ್ಷ ಅಲ್ಲಿದ್ದ. ಬೆಳಗಿನ ಜಾವ ಏಳಬೇಕು, ಕುದುರೆಗಳಿಗೆ ಮೇವು ನೀರು ನೋಡಬೇಕು, ತಿಳಿಯದ ಭಾಷೆಯ ಜನರೊಡನೆ ವ್ಯವಹರಿಸಬೇಕು, ಬೆಟ್ಟದ ತಿರುವುಗಳಲ್ಲಿ ಆರು ಲಗಾಮುಗಳನ್ನು ಒಂದೇ ಗಮನದಲ್ಲಿ ಹಿಡಿಯಬೇಕು. ತಡೆ ತಪ್ಪಿದ, ಯೋಜನೆ ಬಾರದ ಮನುಷ್ಯ ಇದನ್ನು ಏಳು ದಿನ ಮಾಡಲಾರ. 1858ರಲ್ಲಿ ಅವನನ್ನು ಅಲ್ಲಿ ಕಂಡ ಡಾಕ್ಟರೊಬ್ಬರು ಅವನ ಬುದ್ಧಿಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ ಎಂದಿದ್ದರು. ದಿನವೂ ಒಂದೇ ಕ್ರಮದಲ್ಲಿ ನಡೆಯುವ ಆ ಕೆಲಸವೇ, ಒಂದರ ನಂತರ ಒಂದು ಹೆಜ್ಜೆ ಹೇಳಿಕೊಡುತ್ತಾ, ಅವನನ್ನು ಮತ್ತೆ ಕೂಡಿಸಿರಬೇಕು ಎಂದು ಮ್ಯಾಕ್‌ಮಿಲನ್ ಊಹಿಸುತ್ತಾರೆ. ನಮ್ಮ ಈ ಮನೆಯಲ್ಲೂ ಗೋಡೆಯ ಮೇಲೆ ಈಗ ಒಂದು ವೇಳಾಪಟ್ಟಿ ಇದೆ. ಏಳುವ ಹೊತ್ತು, ಗಿಡಕ್ಕೆ ನೀರು, ಹಾಲಿನ ಬೂತು, ಪೇಪರು. ಆತ ಒಂದೊಂದಕ್ಕೂ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾರೆ. ಮೊದಲಿನಂತಾಗಿಲ್ಲ, ಆಗುವುದೂ ಇಲ್ಲ. ಟಾರ್ಚು ತರುವುದು ನಿಂತಿದೆ.

2009ರಲ್ಲಿ ಗೇಜ್‌ನ ಹಳೆಯ ಫೋಟೋ ಒಂದರ ಗುರುತು ಹತ್ತಿತು. ನೋಡಿದರೆ ಆಶ್ಚರ್ಯವಾಗುತ್ತದೆ. ಚೆನ್ನಾಗಿ ತಲೆ ಬಾಚಿ, ಒಳ್ಳೆಯ ಕೋಟು ಹಾಕಿ, ಕೈಯಲ್ಲಿ ಆ ಸಲಾಕೆ ಹಿಡಿದು ಗತ್ತಿನಿಂದ ಕುಳಿತ ಚೆಲುವ. ಎಡಗಣ್ಣು ಮುಚ್ಚಿದೆ, ಇನ್ನೊಂದು ನೇರವಾಗಿ ನಮ್ಮನ್ನು ನೋಡುತ್ತಿದೆ.

ಆರೋಗ್ಯ ಕೆಟ್ಟು 1859ರಲ್ಲಿ ಅವನು ತಾಯಿಯೂ ತಂಗಿಯೂ ಇದ್ದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಬಂದ. ಮೈ ಸ್ವಲ್ಪ ಸುಧಾರಿಸಿದಂತೆ ಮತ್ತೆ ಹೊಲದ ಕೆಲಸಕ್ಕೆ ಹೋಗತೊಡಗಿದ. ಫಿಟ್ಸು ಶುರುವಾಗಿ, 1860ರ ಮೇ 21ರಂದು, 36ನೆಯ ವಯಸ್ಸಿನಲ್ಲಿ ತೀರಿಕೊಂಡ. ಡಾಕ್ಟರ್ ಹಾರ್ಲೊ ಅವನ ಜಾಡು ಹಿಡಿದು ತಾಯಿಗೆ ಪತ್ರ ಬರೆದದ್ದು ಅದಾದ ಆರು ವರ್ಷಗಳ ಮೇಲೆ. ಶಾಸ್ತ್ರಕ್ಕೆ ಉಪಯೋಗವಾಗುತ್ತದೆ, ನಿಮ್ಮ ಮಗನ ತಲೆಬುರುಡೆ ಕೊಡುವಿರಾ ಎಂದು ಕೇಳಿದರು. ಆ ತಾಯಿ ಒಪ್ಪಿದಳು. ಗೋರಿ ತೆಗೆಸಿದರು. ಬುರುಡೆಯೂ, ಅವನು ಕೊನೆಯವರೆಗೆ ಬಿಡದೆ ಜೊತೆಗಿಟ್ಟುಕೊಂಡಿದ್ದ ಸಲಾಕೆಯೂ ಡಾಕ್ಟರ ಕೈಸೇರಿ, ಅಲ್ಲಿಂದ ಹಾರ್ವರ್ಡಿನ ವಾರನ್ ಮ್ಯೂಸಿಯಂ ಸೇರಿದವು.

ಮಗನ ಬಗ್ಗೆ ಡಾಕ್ಟರಿಗೆ ಆಕೆ ತಿಳಿಸಿದ ಸಂಗತಿಗಳಲ್ಲಿ ಒಂದು, ಅವನು ತಂಗಿಯ ಮನೆಯ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ತನ್ನ ಸಾಹಸದ ಕಥೆಗಳನ್ನು ಹೇಳುತ್ತಿದ್ದುದು. ಕೂದಲೆಳೆಯಲ್ಲಿ ಪಾರಾದ ಕಥೆಗಳು, ಎಲ್ಲವೂ ಬರೀ ಕಲ್ಪನೆ. ಮಕ್ಕಳೆಂದರೆ, ಕುದುರೆ ನಾಯಿಗಳೆಂದರೆ ಅವನಿಗೆ ಪ್ರಾಣ. ಬುಡವಿಲ್ಲದ ಕಥೆ ಕಟ್ಟುವುದನ್ನು ರೋಗದ ಲಕ್ಷಣವೆಂದೂ ಓದಬಹುದು, ಹಾಗೆ ಓದಿದವರೂ ಇದ್ದಾರೆ. ಆ ಮಕ್ಕಳಿಗೆ ಅವನು ಕಥೆ ಹೇಳುವ ಮಾವ. ಹಾರ್ಲೊ 1868ರಲ್ಲಿ ಮಸಾಚುಸೆಟ್ಸಿನ ವೈದ್ಯರ ಸಭೆಯಲ್ಲಿ ಓದಿದ ಪ್ರಬಂಧದಲ್ಲಿ ಗೆಳೆಯರ ಮಾತನ್ನೂ ಬರೆದರು, ತಾಯಿಯ ಮಾತನ್ನೂ ಬರೆದರು. ಎರಡೂ ಅದೇ ಪ್ರಬಂಧದಲ್ಲಿವೆ. ನಮ್ಮ ಬಿ.ಎಡ್. ನೋಟ್ಸಿನವರೆಗೆ ಬಂದದ್ದು ಮೊದಲನೆಯದು ಮಾತ್ರ.